ಮಳೆಗಾಲದ ಮರಿಗಳು

ಕುರಿಮರಿಯೊಂದು ಸತ್ತಾಗ ನಾವೆಲ್ಲರೂ ಅದು ಸತ್ತ ದಿವಸದಲ್ಲಿಯೇ ಕಾರಣವನ್ನು ಹುಡುಕುತ್ತೇವೆ. ನಿನ್ನೆ ಮಳೆಯಲ್ಲಿ ನೆನೆಯಿತು ಎನ್ನುತ್ತೇವೆ, ಯಾರದೋ ದೃಷ್ಟಿ ತಾಕಿತು ಎನ್ನುತ್ತೇವೆ. ಆದರೆ ಮಳೆಗಾಲದಲ್ಲಿ ಸಾಯುವ ಅನೇಕ ಮರಿಗಳ ಮರಣವು ಮೂರು ನಾಲ್ಕು ವಾರಗಳ ಹಿಂದೆಯೇ, ಒಂದು ಮುಂಜಾನೆ ಅವು ಕಚ್ಚಿದ ಹುಲ್ಲಿನ ಬುಡದಲ್ಲಿ ಕಾದುಕೊಂಡಿತ್ತೆಂಬದು ನಮಗೆ ಹೊಳೆಯುವದಿಲ್ಲ. ಧಾರವಾಡ, ಗದಗ, ಹಾವೇರಿ, ಬಳ್ಳಾರಿ ಸೀಮೆಗಳಲ್ಲಿ ಹತ್ತಿಪ್ಪತ್ತು ಕುರಿಗಳ ಮೇಲೆಯೇ ಸಂಸಾರ ಸಾಗಿಸುವ ಮನೆಗಳು ಬಹಳ. ಅಂಥ ಮನೆಯಲ್ಲಿ ಒಂದು ಮರಿಯೆಂದರೆ ಮಗುವಿನ ಶಾಲೆಯ ಖರ್ಚು, ಇಲ್ಲವೆ ಸಾಲದ ಬಡ್ಡಿ. ಆದಕಾರಣ ಈ ತಿಂಗಳ ಪಾಠದಲ್ಲಿ ಈ ವಿಷಯವನ್ನು ವಿಚಾರಿಸುವದು ಯುಕ್ತವೆಂದು ತೋರುತ್ತದೆ.

ಮೊದಲು ನಮ್ಮ ಸ್ವಂತ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಹಟ್ಟಿಯಲ್ಲಿ ಏಳು ಮರಿಗಳಿದ್ದವು. ಶ್ರಾವಣದ ಹಸುರನ್ನು ಕಂಡು ನಾವು ಹರ್ಷಪಟ್ಟು, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆಯೇ ಅವುಗಳನ್ನು ತಾಯಂದಿರೊಂದಿಗೆ ಕೆರೆಯಂಚಿನ ಅದೇ ಹುಲ್ಲಿಗೆ ದಿನಾಲೂ ಬಿಡುತ್ತಿದ್ದೆವು. ಮಂಜು ಹತ್ತಿದ ಎಳೆ ಹುಲ್ಲು ಮರಿಗೆ ಹಿತವೆಂದು ತಿಳಿದಿದ್ದೆವು. ಒಂದೂವರೆ ತಿಂಗಳೊಳಗೆ ನಾಲ್ಕು ಮರಿಗಳು ಸತ್ತವು. ಅವುಗಳಿಗೆ ಭೇದಿಯಿರಲಿಲ್ಲ, ಜ್ವರವಿರಲಿಲ್ಲ, ಮೇಯುವದನ್ನೂ ಬಿಟ್ಟಿರಲಿಲ್ಲ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಒಂದು ಬಾವು ಮಾತ್ರ ಕಾಣುತ್ತಿತ್ತು. ನೆರೆಯ ಮುದುಕ ಕುರುಬನೊಬ್ಬನು ಬಂದು, ಐದನೆಯ ಮರಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಅದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ತೋರಿಸಿ, “ಮಾಸ್ತರ್ರೇ, ಇದರೊಳಗ ರಕ್ತ ಎಲ್ಲೈತ್ರಿ?” ಎಂದನು. ಕೆಂಪಾಗಿರಬೇಕಾದ ಆ ರೆಪ್ಪೆಯು ಸುಣ್ಣದ ಗೋಡೆಯಂತೆ ಬೆಳ್ಳಗಿತ್ತು.

ಆ ರಕ್ತವನ್ನು ಕುಡಿದದ್ದು ಯಾವದು? ಕುರಿಯ ನಾಲ್ಕನೆಯ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ಬದುಕುವ ದಾರದಂಥ ಜಂತುಹುಳ. ಅದರ ಉದ್ದವು ಸುಮಾರು ಒಂದು ಅಂಗುಲದಷ್ಟೇ. ಒಂದು ಹುಳವು ದಿವಸಕ್ಕೆ ಹೀರುವ ರಕ್ತ ಒಂದು ಹನಿಯಷ್ಟೇ. ಆದರೆ ಸಾವಿರ ಹುಳಗಳು ಕೂಡಿದರೆ ದಿವಸಕ್ಕೆ ಸುಮಾರು ೫೦ ಮಿಲಿಲೀಟರ್ ರಕ್ತ ಹೋಗುತ್ತದೆ. ಹತ್ತು ಕಿಲೋ ತೂಕದ ಮರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ೭೦೦ ಮಿಲಿಲೀಟರಿನಷ್ಟು. ಉಳಿದ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಲಿ. ಹೆಣ್ಣು ಹುಳವು ಪ್ರತಿದಿನ ಸಾವಿರಾರು ಮೊಟ್ಟೆಗಳನ್ನಿಡುವದು. ಅವು ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ಬಿಸಿಯೂ ತೇವವೂ ಕೂಡಿದ ಕಾಲದಲ್ಲಿ ಒಂದು ವಾರದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳಗಳಾಗುತ್ತವೆ. ಇವುಗಳಿಗೆ ಒಣಹುಲ್ಲನ್ನು ಏರುವ ಶಕ್ತಿಯಿಲ್ಲ. ಮಂಜಿನ ಅಥವಾ ಮಳೆಯ ನೀರು ತೆಳ್ಳಗೆ ಹರಡಿದಾಗ ಅದರಲ್ಲಿಯೇ ಈಜಿ ಎಲೆಗೆ ಹತ್ತುತ್ತವೆ; ಆಗಲೂ ಬಹುಪಾಲು ನೆಲದಿಂದ ಮೂರು ನಾಲ್ಕು ಬೆರಳಿನೊಳಗೆಯೇ ಇರುತ್ತವೆ. ಹೀಗೆ ಬುಡದ ತನಕ ಮೇದ ಹುಲ್ಲಿನಲ್ಲಿ, ಮಂಜಿನ ಹೊತ್ತಿನಲ್ಲಿ, ಕುರಿಗಳ ಹಿಕ್ಕೆ ವಾರಗಟ್ಟಲೆ ಬಿದ್ದ ಜಾಗದಲ್ಲಿ ನಾವು ಮರಿಗಳನ್ನು ಮೇಯಿಸಿದ್ದೆವು. ಮೂರು ತಪ್ಪುಗಳನ್ನೂ ಒಟ್ಟಿಗೆ ಮಾಡಿದವರು ನಮ್ಮಷ್ಟು ಜಾಣರು ಇನ್ನಾರಿದ್ದಾರು!

ಹಾಗಾದರೆ ಮಾಡತಕ್ಕದ್ದೇನು? ಮಳೆಗಾಲದಲ್ಲಿ ಮಂಜು ಆರುವ ತನಕ ಹಟ್ಟಿಯ ಬಾಗಿಲನ್ನು ತೆರೆಯಬಾರದು. ಆ ಹೊತ್ತಿಗೆ ಹಸಿವು ತಣಿಯಲು ತೊಗರಿಯ ಹೊಟ್ಟು, ಶೇಂಗಾ ಬಳ್ಳಿ, ಜೋಳದ ಕಣಿಕೆ, ಇವುಗಳಲ್ಲಿ ಮನೆಯಲ್ಲಿದ್ದದ್ದನ್ನು ಹಾಕಬಹುದು. ಒಂದೇ ಬೀಳಿನಲ್ಲಿ ನಾಲ್ಕೈದು ದಿವಸಕ್ಕಿಂತ ಹೆಚ್ಚು ಮೇಯಿಸದೆ ಮುಂದಕ್ಕೆ ನಡೆಯಬೇಕು, ಬಿಟ್ಟ ಜಾಗಕ್ಕೆ ಸಾಧ್ಯವಾದಷ್ಟು ತಡವಾಗಿ ತಿರುಗಬೇಕು. ಕೆಲವು ತಿಂಗಳು ಕುರಿ ಕಾಲಿಡದ ಕೊಯ್ಲಿನ ಹೊಲವು ಎಲ್ಲಕ್ಕಿಂತ ಉತ್ತಮ. ಅದನ್ನು ಮೊದಲು ಮರಿಗಳಿಗೆ ಕೊಡಬೇಕು. ಕುರಿ ಮೇದ ಜಾಗದಲ್ಲಿ ಎತ್ತು ಎಮ್ಮೆಗಳನ್ನು ಮೇಯಿಸಿದರೆ ಅವುಗಳ ಹೊಟ್ಟೆ ಸೇರಿದ ಮರಿಹುಳಗಳು ಬಹುಮಟ್ಟಿಗೆ ಅಲ್ಲಿಯೇ ನಾಶವಾಗುತ್ತವೆ. ಆಡುಗಳಿಂದ ಈ ಉಪಕಾರವಾಗದು, ಯಾಕಂದರೆ ಆಡಿಗೂ ಕುರಿಗೂ ಹುಳ ಒಂದೇ. ನಮ್ಮ ಕುರುಬರು ಬೇಸಿಗೆಯಲ್ಲಿ ಹೊಲದಿಂದ ಹೊಲಕ್ಕೆ ಕುರಿ ತರುಬುವ ಪದ್ಧತಿಯನ್ನು ಗೊಬ್ಬರದ ನಿಮಿತ್ತವೆಂದಷ್ಟೇ ನಾವು ಎಣಿಸುತ್ತೇವೆ. ಆದರೆ ಒಂದೆಡೆ ನಿಲ್ಲದೆ ನಡೆಯುವ ಮಂದೆಯು ತನ್ನ ಹಿಕ್ಕೆಯನ್ನೂ ಅದರೊಳಗಿನ ಮೊಟ್ಟೆಗಳನ್ನೂ ಬಿಸಿಲಿಗೆ ಒಪ್ಪಿಸಿ ಹೋಗುತ್ತದೆ. ಕೆರೆಯಂಚಿನ ವಿಷಯದಲ್ಲಿ ಇನ್ನೊಂದು ಮಾತು: ಅಲ್ಲಿಯ ಬಸವನಹುಳುಗಳಿಂದ ಪಿತ್ತಜನಕಾಂಗವನ್ನು ಕೊರೆಯುವ ಚಪ್ಪಟೆ ಹುಳವೂ ಬರುವದರಿಂದ ಆ ಜೌಗನ್ನು ಪೂರ್ತಿಯಾಗಿ ಬಿಡುವದೇ ಲೇಸು.

ಔಷಧವನ್ನು ಕುರಿತು ಜನರಲ್ಲಿ ಎರಡು ಅತಿಗಳಿವೆ. ಕೆಲವರು ಅದನ್ನು ಹಾಕುವದೇ ಇಲ್ಲ. ಕೆಲವರು ತಿಂಗಳಿಗೊಮ್ಮೆ ಹಿಂಡಿಗೆಲ್ಲ, ಅದೂ ಖರ್ಚು ಉಳಿಯಲೆಂದು ಅರ್ಧರ್ಧ ಪ್ರಮಾಣದಲ್ಲಿ, ಹಾಕುತ್ತಾರೆ. ಎರಡನೆಯದು ಹೆಚ್ಚು ಕೇಡಿನದು. ಅರ್ಧ ಪ್ರಮಾಣಕ್ಕೆ ಸಾಯದೆ ಉಳಿದ ಹುಳಗಳ ಸಂತತಿಯೇ ಹುಲ್ಲಿನಲ್ಲಿ ತುಂಬಿ, ಕಡೆಗೆ ಪೂರ್ಣ ಪ್ರಮಾಣಕ್ಕೂ ಬಗ್ಗದಂತಾಗುತ್ತದೆ. ದಕ್ಷಿಣ ಆಫ್ರಿಕಾದ ಪಶುವೈದ್ಯರು ಈ ಕಷ್ಟವನ್ನು ಕಂಡು, ೧೯೯೦ರ ದಶಕದಲ್ಲಿ ಕಣ್ಣಿನ ರೆಪ್ಪೆಯ ಬಣ್ಣವನ್ನು ಹೋಲಿಸಿ ನೋಡಲು ಐದು ವರ್ಣಗಳ ಒಂದು ಚೀಟಿಯನ್ನು ಮಾಡಿದರು. ಬೆಳ್ಳಗಾದ ಕುರಿಗೆ ಮಾತ್ರ ಔಷಧ, ಕೆಂಪಾಗಿರುವದಕ್ಕೆ ಇಲ್ಲ. ನಮ್ಮ ಮುದುಕನು ಚೀಟಿಯಿಲ್ಲದೆ ಮಾಡಿದ್ದು ಅದನ್ನೇ. ಮಳೆಗಾಲದಲ್ಲಿ ಹದಿನೈದು ದಿವಸಕ್ಕೊಮ್ಮೆ ಪ್ರತಿಯೊಂದರ ರೆಪ್ಪೆಯನ್ನು ಹಗಲ ಬೆಳಕಿನಲ್ಲಿ ನೋಡಬೇಕು. ಔಷಧವನ್ನು ಪಶುವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕಂತೆ ಪೂರ್ಣವಾಗಿ ಹಾಕಬೇಕು. ಗಬ್ಬದ ಮೊದಲ ತಿಂಗಳಲ್ಲಿರುವ ಕುರಿಗೆ ಆಲ್ಬೆಂಡಜೋಲ್ ಎಂಬ ಔಷಧವನ್ನು ಕೊಡತಕ್ಕದ್ದಲ್ಲ.

ತಾಯಿಯನ್ನು ಮರೆತು ಮರಿಯನ್ನು ಉಳಿಸಲಾಗದು. ಕುರಿಯ ಗಬ್ಬವು ಸುಮಾರು ೧೫೦ ದಿವಸ. ಅದರಲ್ಲಿ ಕೊನೆಯ ಆರು ವಾರಗಳಲ್ಲಿಯೇ ಮರಿಯ ತೂಕದ ಮೂರರಲ್ಲಿ ಎರಡು ಪಾಲು ಕೂಡುತ್ತದೆ. ಆಗ ತಾಯಿಗೆ ಹಿಂಡಿಯನ್ನೋ ನುಚ್ಚನ್ನೋ ದಿವಸಕ್ಕೆ ಪಾವು ಕಿಲೋದಷ್ಟು ಹಾಕಿದರೆ ಮರಿಯೂ ಹಾಲೂ ಬಲವಾಗುತ್ತವೆ. ಈಯುವ ಸಮಯದಲ್ಲಿ ತಾಯಿಯ ಶಕ್ತಿ ಕುಂದುವದರಿಂದ ಅದರ ಹೊಟ್ಟೆಯ ಹುಳಗಳು ಹೆಚ್ಚು ಮೊಟ್ಟೆಗಳನ್ನು ಬಿಡುತ್ತವೆ. ಮರಿಗೆ ಮೊದಲ ಹುಳ ಹತ್ತುವದು ಅನೇಕ ಸಾರಿ ಸ್ವಂತ ತಾಯಿಯ ಹಿಕ್ಕೆಯಿಂದಲೇ. ಆದಕಾರಣ ಈಯುವ ಕುರಿಯ ರೆಪ್ಪೆಯನ್ನೂ ನೋಡಬೇಕು.

ಹುಟ್ಟಿದ ಮರಿಯ ಮೂಗು ಬಾಯಿ ಒರೆಸುವದು, ಹೊಕ್ಕುಳಿಗೆ ಟಿಂಕ್ಚರ್ ಅಯೊಡಿನ್ ಹಚ್ಚುವದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಿಣ್ಣದ ಹಾಲಿನ ವಿಷಯದಲ್ಲಿ ಮಾತ್ರ ಮೂಢ ನಂಬಿಕೆ ಇನ್ನೂ ಹೋಗಿಲ್ಲ. ಮಾಸು ಬೀಳುವ ತನಕ ಗಿಣ್ಣ ಕುಡಿಸಬಾರದೆಂದು ಹಿಂಡಿ ಚೆಲ್ಲುವ ಮನೆಗಳನ್ನು ನಾವು ನೋಡಿದ್ದೇವೆ. ಮನುಷ್ಯರ ಶಿಶುವಿಗೆ ರೋಗವನ್ನು ತಡೆಯುವ ಶಕ್ತಿಯು ಗರ್ಭದಲ್ಲಿಯೇ ಒಂದಿಷ್ಟು ದೊರೆಯುತ್ತದೆ. ಕುರಿಮರಿಗೆ ಹಾಗಲ್ಲ, ಗಿಣ್ಣದಿಂದಲೇ ಬರಬೇಕು. ಆ ಶಕ್ತಿಯನ್ನು ಮರಿಯ ಕರುಳು ಮೊದಲ ಆರು ತಾಸು ಚೆನ್ನಾಗಿ ಹೀರುತ್ತದೆ, ಒಂದು ದಿವಸ ಕಳೆದ ಮೇಲೆ ಬಾಗಿಲು ಮುಚ್ಚಿದಂತೆಯೇ. ಎರಡೂವರೆ ಕಿಲೋ ತೂಕದ ಮರಿಗೆ ಮೊದಲ ಸಾರಿ ೧೨೫ ಮಿಲಿಲೀಟರ್, ಮೊದಲ ದಿವಸದಲ್ಲಿ ಒಟ್ಟು ಅರ್ಧ ಲೀಟರ್ ಸಿಕ್ಕಬೇಕು. ತಾಯಿ ಸತ್ತರೆ ಅದೇ ದಿನ ಈದ ಬೇರೆ ಕುರಿಯ ಗಿಣ್ಣವನ್ನಾದರೂ ಹಿಂಡಿ ಕುಡಿಸಬೇಕು.

ಕರುಳುಬೇನೆಯ ಚುಚ್ಚುಮದ್ದನ್ನು ಮಳೆ ಬೀಳುವ ಮುಂಚೆಯೇ ಹಾಕಿಸತಕ್ಕದ್ದು. ಕೊಯ್ದ ಜೋಳದ ಬುಡದಿಂದ ಚಿಗುರಿದ ಕೂಳೆಯಲ್ಲಿ ವಿಷವಿರುವದರಿಂದ ಅಲ್ಲಿಗೆ ಹಸಿದ ಕುರಿಯನ್ನು ಬಿಡತಕ್ಕದ್ದಲ್ಲ.

ಮುದುಕನು ನೋಡಿದ ಆ ಐದನೆಯ ಮರಿಗೆ ಪಶುವೈದ್ಯಶಾಲೆಯಿಂದ ಔಷಧ ತಂದು ಹಾಕಿ, ಹತ್ತು ದಿವಸ ಹಟ್ಟಿಯಲ್ಲಿಯೇ ಹಿಂಡಿಯನ್ನೂ ಒಣಮೇವನ್ನೂ ಕೊಟ್ಟೆವು. ರೆಪ್ಪೆಗೆ ಬಣ್ಣ ಬರಲು ಒಂದು ತಿಂಗಳೇ ಹಿಡಿಯಿತು. ಅದು ಹೆಣ್ಣುಮರಿಯಾಗಿತ್ತು, ಮಾರದೆ ಉಳಿಸಿಕೊಂಡೆವು, ಮೂರು ಸಾರಿ ಈಯಿತು. ಈಗಲೂ ಮಳೆಗಾಲದಲ್ಲಿ ನಮ್ಮ ಮನೆಯ ಚಿಕ್ಕ ಹುಡುಗನು ಬೆಳಿಗ್ಗೆ ಹೊರಗೆ ಹೋಗಿ, ಬದುವಿನ ಹುಲ್ಲಿನ ಮೇಲೆ ಅಂಗೈ ಎಳೆದು, ಕೈ ಒಣಗಿದ್ದರೆ ಮಾತ್ರ ಹಟ್ಟಿಯ ಬಾಗಿಲನ್ನು ತೆಗೆಯುತ್ತಾನೆ.