ಒಡೆದ ಗಡಿಗೆಗಳ ಲೆಕ್ಕ

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿ.ಮೀ. ಊರಿಗೆ ಹತ್ತಿಕೊಂಡೇ ಮಲಪ್ರಭೆ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ನದಿ ಇದು. ಇಲ್ಲಿನ ಕೆಂಪು ಗಡಿಗೆ, ಹೂಜಿ, ಹಂಚಿಗೆ ಹಳೆಯ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ನಾನು ಮಾತ್ರ ಅಂಗಡಿಗಳ ಲೆಕ್ಕ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ನಲವತ್ತು ದಾಟಿದ ಮೇಲೆ ಅದೇನು ತಲೆಗೆ ಹೊಕ್ಕಿತೋ, ಒಬ್ಬ ಹಿರಿಯ ಕುಂಬಾರರ ಹಿತ್ತಲಿಗೆ ಹೋಗಿ ಕೂತೆ. ಅವರನ್ನು ಕಾಕಾ ಅನ್ನುತ್ತೇನೆ. ಹನ್ನೆರಡು ವರ್ಷವಾಯಿತು, ದೊಡ್ಡ ಹರವಿ ಈಗಲೂ ನನ್ನ ಕೈಗೆ ಹತ್ತಿಲ್ಲ. ಆದರೆ ಹಳೇ ಚಾಳಿ ಬಿಡಲಿಲ್ಲ. ಒಡೆದದ್ದನ್ನೆಲ್ಲ ತಾರೀಖು ಹಾಕಿ ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಕೆಳಗಿನವು ಆ ವಹಿಯಿಂದ ಬಂದವು.

1. ಕೈಗಿಂತ ಮೊದಲು ಕಾಲು ಕಲಿಯಬೇಕು

ಬಂದ ದಿನವೇ ತಿಗರಿ ಮುಂದೆ ಕೂರುತ್ತೇನೆ ಅಂದುಕೊಂಡಿದ್ದೆ. ಕಾಕಾ ಎರಡು ತಿಂಗಳು ಮಣ್ಣು ತುಳಿಸಿದರು. ನನಗೆ ಸಿಟ್ಟು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಅರ್ಧ ತುಳಿದ ಮಣ್ಣನ್ನೇ ತಿಗರಿಗೆ ಏರಿಸಿದೆ. ಒಳಗೊಂದು ಸಣ್ಣ ಹರಳು ಇತ್ತು. ತಿರುಗುವ ಮಣ್ಣಿನಲ್ಲಿ ಅದು ಅಂಗೈಯನ್ನು ಗೀರುತ್ತ ಹೋಯಿತು, ಗಡಿಗೆಯ ಗೋಡೆಯನ್ನೂ ಸೀಳಿತು. ಕಾಕಾ ಬಂದು ನೋಡಿ, “ಕಾಲಿಗೆ ಸಿಗಬೇಕಾದದ್ದು ಕೈಗೆ ಸಿಕ್ಕೈತ್ರೀ” ಅಂದರು. ಅರಿಷಿಣ ಹಚ್ಚಿದವರೂ ಅವರೇ.

2. ಒಣಗಿದಂತೆ ಕಾಣುವುದೆಲ್ಲ ಒಣಗಿರುವುದಿಲ್ಲ

ನನ್ನ ವಹಿಯ ದೊಡ್ಡ ಪುಟ ಇದು. ಮೂರನೇ ವರ್ಷ ದೀಪಾವಳಿಗೆ ಮುಂಚೆ 30 ಹೂಜಿ ಬೇಕೆಂದು ಒಬ್ಬರು ಮುಂಗಡ ಕೊಟ್ಟಿದ್ದರು. ಖಾನಾಪುರದ ಮಳೆ ಗೊತ್ತಲ್ಲ, ಘಟ್ಟದ ಸೆರಗಿನ ಊರು, ಹೋಯಿತು ಅಂದುಕೊಂಡಾಗ ಮತ್ತೆ ಬರುತ್ತದೆ. ಹೂಜಿಗಳ ಬಣ್ಣ ತಿಳಿಯಾಗಿತ್ತು, ಮುಟ್ಟಿದರೆ ಗಟ್ಟಿ. ಇನ್ನೂ ನಾಲ್ಕು ದಿನ ಬಿಡಿ ಅಂದರು ಕಾಕಾ. ಗಿರಾಕಿಯ ಫೋನು ಬಂದಿತ್ತು, ನಾನು ಬಿಡಲಿಲ್ಲ. ಆವಿಗೆ ಕಟ್ಟಿ ಬೆಂಕಿ ಕೊಟ್ಟೆ. ಬೇಗ ಮುಗಿಯಲಿ ಎಂದು ಕಟ್ಟಿಗೆಯನ್ನೂ ಜೋರಾಗಿ ಒಟ್ಟಿದೆ. ಒಂದು ತಾಸಿನೊಳಗೆ ಮೊದಲ ಸದ್ದು ಕೇಳಿತು, ಟಪ್. ಆಮೇಲೆ ಇನ್ನೊಂದು. ಆಮೇಲೆ ಎಣಿಸುವುದನ್ನು ಬಿಟ್ಟೆ. ಆವಿಗೆ ಆರಿದ ಮೇಲೆ ತೆಗೆದರೆ 19 ಹೂಜಿ ಚೂರು.

ಮಣ್ಣಿನಲ್ಲಿ ಗಾಳಿಗುಳ್ಳೆ ಉಳಿದಿದ್ದರಿಂದ ಒಡೆಯಿತು ಎಂದು ಎಲ್ಲರಿಗೂ ಹೇಳುತ್ತ ತಿರುಗಿದೆ, ಎಲ್ಲರೂ ನಂಬಿದರು. ನಿಜವಾದ ಕಳ್ಳ ನೀರು. ಹೊರಮೈ ಒಣಗಿದರೂ ಗೋಡೆಯ ಹೊಟ್ಟೆಯಲ್ಲಿ ತೇವ ಕೂತಿರುತ್ತದೆ. ಶಾಖ 100 ಡಿಗ್ರಿ ದಾಟುವಾಗ ಅದು ಆವಿಯಾಗಿ, ಹೊರಬರಲು ಪುರುಸೊತ್ತು ಸಿಗದೆ, ಗೋಡೆಯನ್ನೇ ಹಾರಿಸುತ್ತದೆ. ಅದಕ್ಕೇ ಮೊದಲ ಕೆಲವು ತಾಸು ಹೊಗೆಯ ಹದದಲ್ಲೇ ಬೆಂಕಿ ಇಡುವುದು. ತೇವ ಪತ್ತೆಹಚ್ಚಲು ಕಾಕಾ ಹೇಳಿಕೊಟ್ಟ ಉಪಾಯಕ್ಕೆ ಯಾವ ಸಾಮಾನೂ ಬೇಡ. “ಗಲ್ಲಕ್ಕ ಹಚ್ಚಿ ನೋಡ್ರಿ. ತಣ್ಣಗ ಹತ್ತಿದ್ರ ಒಳಗ ನೀರು ಐತಿ.” ಈಗ ಆವಿಗೆಗೆ ಇಡುವ ಮುಂಚೆ ಪ್ರತಿ ಹೂಜಿಯನ್ನೂ ಗಲ್ಲಕ್ಕೆ ಒತ್ತಿಕೊಳ್ಳುತ್ತೇನೆ. ಓಣಿಯ ಹುಡುಗರಿಗೆ ನಾನು ಗಡಿಗೆಗೆ ಮುದ್ದು ಕೊಡುವ ಅಜ್ಜ.

3. ಬೇರೆ ಊರ ಮಣ್ಣಿಗೆ ಬೇರೆ ಬುದ್ಧಿ

ಬೈಲಹೊಂಗಲದ ಕಡೆ ಗೆಳೆಯನ ಎರೆ ಹೊಲವಿದೆ. ಆ ಕಪ್ಪು ಮಣ್ಣಿನ ಜಿಗುಟು ನೋಡಿ ಆಸೆಯಾಯಿತು. ನಾಲ್ಕು ಚೀಲ ತಂದು ನಮ್ಮ ಕೆಂಪು ಮಣ್ಣಿಗೆ ಬೆರೆಸಿದೆ. ತಿಗರಿಯ ಮೇಲೆ ಬೆಣ್ಣೆಯ ಹಾಗೆ ಏಳುತ್ತಿತ್ತು. ಸುಟ್ಟಾಗಲೂ ಒಂದೂ ಒಡೆಯಲಿಲ್ಲ. ಕಾಕಾನಿಗೆ ತೋರಿಸಿ ಸ್ವಲ್ಪ ಜಂಭವನ್ನೂ ಮಾಡಿದೆ. ಅವರು ಏನೂ ಅನ್ನಲಿಲ್ಲ, ಅದು ನನಗೆ ಅರ್ಥವಾಗಬೇಕಿತ್ತು.

ಮೂರು ವಾರದ ನಂತರ ಗಿರಾಕಿಯೊಬ್ಬರು ಬೋಗುಣಿ ಹಿಡಿದುಕೊಂಡು ಬಂದರು. ಹೊರಮೈಯಲ್ಲಿ ನಾಲ್ಕಾಣೆಯಷ್ಟು ಅಗಲದ ಚಕ್ಕೆ ಹಾರಿತ್ತು, ಕುಳಿಯ ನಡುವೆ ಬಿಳಿ ಚುಕ್ಕೆ. ಎರೆ ಮಣ್ಣಿನಲ್ಲಿ ಸುಣ್ಣದ ಹರಳಿರುತ್ತದೆ. ಆವಿಗೆಯ ಶಾಖಕ್ಕೆ ಅದು ಸುಟ್ಟ ಸುಣ್ಣವಾಗಿ ಸುಮ್ಮನೆ ಕೂರುತ್ತದೆ. ಆಮೇಲೆ ಗಾಳಿಯ ತೇವ ಕುಡಿದು ಅರಳುತ್ತದೆ, ಅರಳುವಾಗ ಮೇಲಿನ ಮಣ್ಣನ್ನು ಎತ್ತಿ ಒಗೆಯುತ್ತದೆ. ನಾನು ಮಾರಿದ್ದೆಲ್ಲ ಜನರ ಅಡಿಗೆಮನೆಗಳಲ್ಲಿ ಅರಳುತ್ತಿತ್ತು! ಸಿಕ್ಕವರಿಗೆಲ್ಲ ರೊಕ್ಕ ವಾಪಸು ಕೊಟ್ಟೆ. ಈಗ ಹೊಸ ಮಣ್ಣನ್ನು ನೀರಾಗಿ ಕದಡಿ ಸಣ್ಣ ಜರಡಿಯಲ್ಲಿ ಸೋಸುತ್ತೇನೆ. ಒಂದು ಬಿಲ್ಲೆ ಮಾಡಿ ಸುಟ್ಟು, ಬಚ್ಚಲ ಕಿಟಕಿಯಲ್ಲಿ ಎರಡು ತಿಂಗಳು ಇಟ್ಟು ನೋಡದೆ ಆ ಮಣ್ಣಿನ ಸುದ್ದಿ ಎತ್ತುವುದಿಲ್ಲ.

4. ಹೊಳಪು ತಂದೆ, ತಂಪು ಹೋಯಿತು

ಪ್ರದರ್ಶನವೊಂದಕ್ಕೆ ಹೂಜಿಗಳಿಗೆ ವಾರ್ನಿಷ್ ಬಳಿದೆ. ಕನ್ನಡಿಯಂತೆ ಹೊಳೆದವು, ಸಂಜೆಯೊಳಗೆ ಖಾಲಿ. ಕೊಂಡವರಲ್ಲಿ ನನ್ನ ಹೆಂಡತಿಯ ಅಕ್ಕನೂ ಒಬ್ಬರು. “ನಿಮ್ಮ ಹೂಜಿ ನೀರಿಗಿಂತ ನಳದ ನೀರ ತಂಪದಾವು” ಎಂದು ಇಂದಿಗೂ ಪ್ರತಿ ಬೇಸಿಗೆಗೆ ನೆನಪಿಸುತ್ತಾರೆ. ಹೂಜಿ ಬೆವರಿದರೆ ತಾನೇ ನೀರು ತಣ್ಣಗಾಗುವುದು? ಅದರ ಬೆವರಿನ ರಂಧ್ರಗಳನ್ನೆಲ್ಲ ನಾನೇ ಮುಚ್ಚಿದ್ದೆ.

5. ಲೆಕ್ಕ ಬರೆಯುವವನಿಗೆ ಲೆಕ್ಕ ಬರುತ್ತದೆ ಎಂದೇನಿಲ್ಲ

ಹೇಳಿಕೊಳ್ಳಲು ನಾಚಿಕೆ. ಊರವರ ಲಾಭನಷ್ಟ ತೆಗೆದುಕೊಟ್ಟವನು ನಾನು. ನನ್ನ ಗಡಿಗೆಗೆ ಬೆಲೆ ಕಟ್ಟುವಾಗ ಮಣ್ಣು, ಕಟ್ಟಿಗೆ, ಬಾಡಿಗೆ ಗಾಡಿ ಇಷ್ಟನ್ನೇ ಹಿಡಿದೆ. ನಾಲ್ಕು ವರ್ಷ ಹಾಗೇ ನಡೆಯಿತು. ವ್ಯಾಪಾರ ಚೆನ್ನಾಗಿತ್ತು, ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ಕಾಕಾನ ಮುಂದೆಯೇ ತಲೆ ಕೆರೆದುಕೊಂಡೆ. ಅವರು ಬೀಡಿ ಹಚ್ಚುತ್ತ ಹಿತ್ತಲ ಮೂಲೆಯ ಚೂರಿನ ಗುಡ್ಡೆ ತೋರಿಸಿ, “ಅವನ್ನ ಯಾರ ಲೆಕ್ಕಕ್ಕ ಬರದೀರಿ?” ಅಂದರು. ತಾರೀಖು ಹಾಕಿ ಬರೆದಿಟ್ಟ ಆ ವಹಿ ನನ್ನ ಬಗಲಲ್ಲೇ ಇತ್ತು.

ಕೊಳ್ಳುವವರು ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಾರಲ್ಲ, ಮೊದಮೊದಲು ನನಗೆ ಅವಮಾನವೆನಿಸುತ್ತಿತ್ತು. ಈಗ ಅವರಿಗಿಂತ ಮೊದಲು ನಾನೇ ಬಾರಿಸುತ್ತೇನೆ. ಠಣ್ ಅಂದರೆ ಮಾರುವುದಕ್ಕೆ. ಮಂಕಾಗಿ ಡಬ್ ಅಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ, ಅದರಲ್ಲಿ ತುಳಸಿ ನೆಡುವುದು. ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದರೆ ಶಿವ ಕುಣಿದನಂತೆ. ನಮ್ಮ ಮನೆಯಲ್ಲಿ ತುಳಸಿ ಕುಂಡಗಳೇ ಹೆಚ್ಚಾದವು.

6. ಸುಡದ ಮಣ್ಣೂ ಸುಲಭವಲ್ಲ

ಮಳೆಗಾಲಕ್ಕೆ ಆವಿಗೆ ತಣ್ಣಗೆ. ಆಗ ಹಬ್ಬದ ಕೆಲಸ ಬರುತ್ತದೆ: ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪ. ಸುಡುವುದಿಲ್ಲವಾದ್ದರಿಂದ ಇದರಲ್ಲಾದರೂ ಪಾರಾಗುತ್ತೇನೆ ಅಂದುಕೊಂಡೆ. ಮೈ ಒಣಗಿದ ಎತ್ತುಗಳಿಗೆ ಹಸಿ ಮಣ್ಣಿನ ಕೊಂಬು ಅಂಟಿಸಿದೆ. ಹಸಿಯದು ಒಣಗುತ್ತ ಕುಗ್ಗಿತು, ಮೈ ಕುಗ್ಗಲಿಲ್ಲ, ಅಮಾವಾಸ್ಯೆಯ ಮುಂಜಾನೆ ಕೊಂಬುಗಳೆಲ್ಲ ಹಲಗೆಯ ಮೇಲೆ ಬಿದ್ದಿದ್ದವು. ಒಂದು ಪುಟ್ಟ ಹುಡುಗಿ ತಾಯಿಯ ಸೆರಗು ಹಿಡಿದು ನಿಂತು, “ಅವ್ವಾ, ನಾಯಿ ಪೂಜಿ ಮಾಡೋದು ಯಾವತ್ತ?” ಅಂತ ಕೇಳಿತು. ಕಾಕಾನ ಸೊಸೆ ನಗುತ್ತಲೇ ಬಂದು, ಮೈಗೆ ಒದ್ದೆ ಬಟ್ಟೆ ಸುತ್ತಿ, ಹದ ಬಂದ ಮೇಲೆ ಕೆಸರು ಸವರಿ ಒಂದೊಂದೇ ಕೊಂಬು ಕೂರಿಸಿಕೊಟ್ಟರು.

ಈ ವರ್ಷ ಎತ್ತು ಅವರು ಮಾಡಿದರು. ನಾನು ಕೊಂಬು ಹೊಸೆದೆ.