ನಿನ್ನ ಮ್ಯಾಕ್‌ಗೆ ಕಂಪೈಲರ್ ಹಾಕುವ ಮೊದಲು

ಕೆ.ಆರ್. ನಗರ

ಪ್ರೀತಿಯ ಮಗಳೇ,

ಪಿರಿಯಾಪಟ್ಟಣದ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಿಮ್ಮಪ್ಪ ಹೇಳಿದ. ತಾತನ ಪೆಟ್ಟಿಗೆಯಲ್ಲಿದ್ದ ಹಳೆಯ ಅಚ್ಚಿನ ಪುಸ್ತಕಗಳನ್ನು ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದಿಂದ ಓದಿಸಲು ಹೊರಟಿದ್ದೀಯಂತೆ. ಒತ್ತಕ್ಷರ ಬಂದಲ್ಲೆಲ್ಲ ಅದು ಎಡವುತ್ತಿದೆ, ಆ ಅಚ್ಚಿನ ಅಕ್ಷರಗಳನ್ನು ನೀನೇ ಅದಕ್ಕೆ ಕಲಿಸುತ್ತೀಯಂತೆ. ಇದನ್ನು ಕೇಳಿದ ಮೇಲೆ ಫೋನಿನಲ್ಲಿ ನಾಲ್ಕು ಮಾತಾಡಿ ಸುಮ್ಮನಿರಲು ಮನಸ್ಸಾಗಲಿಲ್ಲ.

ಕಟ್ಟಿ ಸಿದ್ಧಮಾಡಿದ ಟೆಸರಾಕ್ಟ್, ಮ್ಯಾಕ್‌ಗೆ ತಂತ್ರಾಂಶ ತಂದುಹಾಕುವ ಹೋಮ್‌ಬ್ರೂನಿಂದ ಒಂದೇ ಸಾಲಿಗೆ ಬಂದುಬಿಡುತ್ತದೆ. ಆದರೂ ಮೂಲ ಸಂಕೇತದಿಂದಲೇ ಕಟ್ಟುತ್ತೇನೆಂಬ ನಿನ್ನ ಹಠ ನನಗೆ ಸರಿಯೆನಿಸಿತು. ನಮ್ಮೂರಿನಲ್ಲಿ ಎಲ್ಲರೂ ಅಕ್ಕಿ ಕೊಳ್ಳಬಹುದು, ಆದರೆ ಭತ್ತ ಮನೆಗೆ ತಂದವನಾದರೆ ಎಷ್ಟು ಪಾಲಿಶ್ ಮಾಡಿಸಬೇಕೆಂಬುದು ಅವನ ಕೈಯಲ್ಲಿರುತ್ತದೆ. ಒಳಗಿನ ಒಂದು ಸಾಲನ್ನು ಬದಲಿಸಿ, ಕನ್ನಡಕ್ಕೆ ಏನಾಗುತ್ತದೆಂದು ನೋಡಬೇಕಾದರೆ ನಿನಗೆ ಇದೇ ದಾರಿ. ಟೆಸರಾಕ್ಟ್ 1985ರ ಹೊತ್ತಿಗೆ ಎಚ್‌ಪಿ ಕಂಪನಿಯ ಬ್ರಿಸ್ಟಲ್ ಪ್ರಯೋಗಾಲಯದಲ್ಲಿ ಹುಟ್ಟಿತು. 2005ರಲ್ಲಿ ಅದರ ಮೂಲವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದರಿಂದಲೇ ಇಂದು ಅದು ಪಿರಿಯಾಪಟ್ಟಣದ ಒಂದು ಮೇಜಿನ ಮೇಲಿದೆ.

ಈಗ ಕೆಲಸದ ಮಾತು. ಆಪ್ ಸ್ಟೋರಿನಿಂದ ಇಡೀ ಎಕ್ಸ್‌ಕೋಡ್ ಇಳಿಸಬೇಡ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಅಷ್ಟು ದೊಡ್ಡದನ್ನು ಎಳೆದರೆ ಡೇಟಾ ಮುಗಿದುಹೋಗುತ್ತದೆ, ಡಿಸ್ಕಿನ ಜಾಗವೂ ಹಾಳು. ಐಫೋನಿಗೆ ಆಪ್ ಮಾಡುವವರಿಗೆ ಅದು ಬೇಕು, ನಿನಗಲ್ಲ. ಟರ್ಮಿನಲ್ ತೆರೆದು ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಎಂಬ ಆಜ್ಞೆ ಕೊಟ್ಟರೆ ಕಮಾಂಡ್ ಲೈನ್ ಟೂಲ್ಸ್ ಮಾತ್ರ ಬರುತ್ತವೆ. ಕ್ಲ್ಯಾಂಗ್ ಕಂಪೈಲರ್, ಲಿಂಕರ್, ಮೇಕ್, ಗಿಟ್, ಸಿಸ್ಟಮ್ಮಿನ ಹೆಡರ್ ಫೈಲುಗಳು ಎಲ್ಲ ಅದರಲ್ಲೇ ಇವೆ. ‘ಜಿಸಿಸಿ’ ಎಂದು ಟೈಪಿಸಿದರೂ ಮ್ಯಾಕ್‌ನಲ್ಲಿ ಓಡುವುದು ಕ್ಲ್ಯಾಂಗೇ, ಅದನ್ನು ಕಂಡು ಗಾಬರಿಯಾಗಬೇಡ. ಕ್ಲ್ಯಾಂಗ್‌ನ ಬುಡದಲ್ಲಿರುವ ಎಲ್‌ಎಲ್‌ವಿಎಂ ಅನ್ನು 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಎಂಬ ವಿದ್ಯಾರ್ಥಿ ವಿಕ್ರಂ ಆಡ್ವೆ ಎಂಬ ಪ್ರಾಧ್ಯಾಪಕರ ಜೊತೆ ಶುರುಮಾಡಿದ. ವಿದ್ಯಾರ್ಥಿಯ ಕೆಲಸ ಎಲ್ಲಿಗೆ ಮುಟ್ಟಬಹುದೆಂದು ನೋಡು.

ಆಮೇಲೆ ಹೋಮ್‌ಬ್ರೂ. ಅದು ಕೂತುಕೊಂಡ ಮೇಲೆ ಕೊನೆಯಲ್ಲಿ ‘ನೆಕ್ಸ್ಟ್ ಸ್ಟೆಪ್ಸ್’ ಎಂದು ಕೆಲವು ಸಾಲು ತೋರಿಸುತ್ತದೆ. ಅವನ್ನು ಓಡಿಸದೆ ಟರ್ಮಿನಲ್ ಮುಚ್ಚಿದವರಿಗೆ ‘ಬ್ರೂ’ ಆಜ್ಞೆಯೇ ಸಿಗುವುದಿಲ್ಲ. ನಿನ್ನದು ಎಂ1 ಯಂತ್ರವಾದ್ದರಿಂದ ಎಲ್ಲವೂ ‘ಆಪ್ಟ್’ ಫೋಲ್ಡರಿನೊಳಗಿನ ‘ಹೋಮ್‌ಬ್ರೂ’ನಲ್ಲಿರಬೇಕು. ಇಂಟೆಲ್ ಕಾಲದ ಹಳೆಯ ಬರಹಗಳು ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಎನ್ನುತ್ತವೆ. ಅವನ್ನು ಕಣ್ಣುಮುಚ್ಚಿ ನಕಲು ಮಾಡಬೇಡ.

ಟೆಸರಾಕ್ಟ್‌ಗೆ ಚಿತ್ರಗಳನ್ನು ತೆರೆಯಲು ಲೆಪ್ಟೋನಿಕಾ ಬೇಕು. ಕಲಿಸುವ ಸಲಕರಣೆಗಳಿಗೆ ಯೂನಿಕೋಡ್ ನಿಯಮಗಳನ್ನು ಬಲ್ಲ ಐಸಿಯು, ಅಕ್ಷರ ಜೋಡಿಸುವ ಪ್ಯಾಂಗೊ ಬೇಕು. ಕಕಾರಕ್ಕೆ ಷಕಾರದ ಒತ್ತು ಸೇರಿ ‘ಕ್ಷ’ ಆಗುವುದು ಈ ಪ್ಯಾಂಗೊ ಕೆಳಗಿರುವ ಹಾರ್ಫ್‌ಬಜ್‌ನಲ್ಲಿ. ಐಸಿಯು ಹತ್ತಿರ ಮಾತ್ರ ಜೋಪಾನ. ಮ್ಯಾಕ್ ತನ್ನದೇ ಒಂದು ಐಸಿಯು ಇಟ್ಟುಕೊಂಡಿದೆ, ಅದರ ಜೊತೆ ಜಗಳವಾಗದಿರಲೆಂದು ಹೋಮ್‌ಬ್ರೂ ತನ್ನದನ್ನು ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಹೀಗಾಗಿ ಐಸಿಯು ಇದ್ದೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಪ್ಯಾಕೇಜ್-ಕಾನ್ಫಿಗ್ ಹುಡುಕುವ ದಾರಿಗೆ ಆ ಫೋಲ್ಡರನ್ನು ಸೇರಿಸಿದರೆ ಸರಿಹೋಗುತ್ತದೆ. ಕಟ್ಟುವಾಗ ಬೇಕಾಗುವ ಲಿಬ್‌ಟೂಲ್ ಕಥೆಯೂ ಹೀಗೆಯೇ. ಆಪಲ್‌ನದು ಬೇರೆ, ಗ್ನೂನದು ಬೇರೆ. ಹೋಮ್‌ಬ್ರೂ ಗ್ನೂನದಕ್ಕೆ ‘ಜಿ’ ಸೇರಿಸಿ ‘ಗ್ಲಿಬ್‌ಟೂಲ್’ ಎಂದು ಇಡುತ್ತದೆ.

ಎರರ್ ಪರದೆ ತುಂಬ ಹರಿದರೆ ಕೊನೆಯ ಸಾಲು ಓದಿ ಕೈಚೆಲ್ಲಬೇಡ. ಮೇಲಕ್ಕೆ ಹೋಗಿ ಮೊದಲನೆಯ ಎರರ್ ಹುಡುಕು. ಕೆಳಗಿನವು ಬಹುಮಟ್ಟಿಗೆ ಅದರ ಮಕ್ಕಳು. ಮ್ಯಾಕ್‌ಒಎಸ್ ಹೊಸ ಆವೃತ್ತಿಗೆ ಹೋದ ಮರುದಿನ ‘ಇನ್‌ವ್ಯಾಲಿಡ್ ಆಕ್ಟಿವ್ ಡೆವಲಪರ್ ಪಾತ್’ ಎಂದು ಬಂದರೆ, ಮೊದಲು ಹೇಳಿದ ಆಜ್ಞೆಯನ್ನೇ ಮತ್ತೆ ಕೊಡು.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತವರು ಮಾಡುತ್ತಾರೆ ಬಿಡು ಎಂದು ಯಾರಾದರೂ ಅಂದರೆ, ನಿಮ್ಮ ತಾಲ್ಲೂಕಿನ ಬೈಲಕುಪ್ಪೆಯನ್ನು ತೋರಿಸು. ಅಲ್ಲಿನ ಸೆರಾ ಮೇ ಮಠದ ಗೆಶೆ ಲೊಬ್ಸಾಂಗ್ ಮೊನ್ಲಮ್ ಸನ್ಯಾಸಿಯಾಗಿದ್ದುಕೊಂಡೇ ಟಿಬೆಟನ್ ಲಿಪಿಗೆ ಫಾಂಟು, ತಂತ್ರಾಂಶ ಮಾಡಿದರು. ಆ ಲಿಪಿಯಲ್ಲೂ ನಮ್ಮ ಒತ್ತಕ್ಷರದಂತೆ ಅಕ್ಷರದ ಕೆಳಗೆ ಅಕ್ಷರ ಕೂರುತ್ತದೆ. ಅವರ ಮುಂದಾಳತ್ವದಲ್ಲಿ ಆದ ಟಿಬೆಟನ್ ಮಹಾನಿಘಂಟು 2022ರಲ್ಲಿ 223 ಸಂಪುಟಗಳಾಗಿ ಬಂತು. ಅವರ ಭಾಷೆಗೆ ಅವರು ಮಾಡಿಕೊಂಡರು. ಜೇನುಕುರುಬರ ಮಾತಿಗೆ ಎಚ್.ಡಿ. ಕೋಟೆಯ ಹಾಡಿಯ ಹುಡುಗನೊಬ್ಬ ಹೀಗೇ ಸಲಕರಣೆ ಕಟ್ಟುವುದನ್ನು ನೋಡುವ ಆಸೆಯೂ ನನಗಿದೆ.

ಪುಸ್ತಕಗಳ ಹಾಳೆ ಜೀರ್ಣವಾಗಿರುತ್ತದೆ, ಸ್ಕ್ಯಾನರಿಗೆ ಒತ್ತದೆ ಮೇಲಿನಿಂದ ಫೋಟೊ ತೆಗೆ. ಸಾಲು ಸಾಲಾಗಿ ಕತ್ತರಿಸಿ, ಪ್ರತಿ ಸಾಲಿಗೂ ಸರಿಯಾದ ಕನ್ನಡ ಟೈಪಿಸಿ ಜೊತೆಗಿಡು. ಕಲಿಸಲು ಬೇಕಾದದ್ದು ಆ ಜೋಡಿಗಳು. ಟೈಪಿಸುವ ಕೆಲಸದಲ್ಲಿ ಅರ್ಧ ನನಗೆ ಕಳಿಸು, ಹಳೆಯ ಅಚ್ಚು ಓದಿ ನನಗೆ ರೂಢಿಯಿದೆ. ಎಲ್ಲಾದರೂ ಸಿಕ್ಕಿಕೊಂಡರೆ ಕಾನ್ಫಿಗ್ ಲಾಗ್ ಫೈಲನ್ನು ಇಡಿಯಾಗಿ ಕಳಿಸು, ಫೋಟೊ ಬೇಡ.

ಇತಿ ನಿನ್ನ,
ದೊಡ್ಡಪ್ಪ