ಒಂದು ಶಬ್ದ, ಹಲವು ಅರ್ಥ: ‘ಪವರ್’

“ಪವರ್ ಹೋಯಿತು” ಎಂದು ಮನೆಯವರು ಕತ್ತಲೆಯಲ್ಲಿ ಬೆಂಕಿಪೊಟ್ಟಣವನ್ನು ಹುಡುಕುತ್ತಾರೆ. “ಕನ್ನಡಕದ ಪವರ್ ಹೆಚ್ಚಾಯಿತು” ಎಂದು ತಾಯಿ ಮಗಳಿಗಾಗಿ ಚಿಂತಿಸುತ್ತಾಳೆ. “ಎರಡರ ಮೂರನೆಯ ಪವರ್ ಎಷ್ಟು?” ಎಂದು ಗಣಿತದ ಉಪಾಧ್ಯಾಯರು ಪ್ರಶ್ನಿಸುತ್ತಾರೆ. ಶಬ್ದ ಒಂದೇ, ಅರ್ಥಗಳು ಬೇರೆ ಬೇರೆ. ಇವುಗಳ ಭೇದವನ್ನರಿಯದ ವಿದ್ಯಾರ್ಥಿಯು ಸೂತ್ರಗಳನ್ನೆಲ್ಲ ಕಂಠಪಾಠ ಮಾಡಿದ್ದರೂ ಲೆಕ್ಕದಲ್ಲಿ ಎಡವುವುದುಂಟು.

ಈ ಶಬ್ದವು ಲ್ಯಾಟಿನ್ನಿನಿಂದ ಹೊರಟು, ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿತು. ‘ಸಮರ್ಥನಾಗಿರು’ ಎಂಬುದೇ ಅದರ ಮೂಲಾರ್ಥ. ಅರಸನ ಅಧಿಕಾರ, ದೇಹದ ಬಲ, ಯಂತ್ರದ ಶಕ್ತಿ ಇವೆಲ್ಲವನ್ನೂ ಆಡುಮಾತು ಇದೊಂದರಲ್ಲಿಯೇ ಅಡಗಿಸಿತು. ಆದರೆ ಇಷ್ಟು ಸಡಿಲವಾದ ಶಬ್ದದಿಂದ ವಿಜ್ಞಾನದ ಕಾರ್ಯ ಸಾಗದು.

ಭೌತಶಾಸ್ತ್ರದಲ್ಲಿ ಪವರ್ ಎಂದರೆ ಕೆಲಸ ನಡೆಯುವ ದರ. ಕನ್ನಡದಲ್ಲಿ ಇದನ್ನು ‘ಸಾಮರ್ಥ್ಯ’ ಎನ್ನುತ್ತೇವೆ. ಬಾವಿಯಲ್ಲಿ ೬ ಮೀಟರ್ ಆಳದಲ್ಲಿ ನೀರಿದೆಯೆನ್ನೋಣ. ಅಣ್ಣನು ೫ ನಿಮಿಷಗಳಲ್ಲಿ ೧೦೦ ಲೀಟರ್ ನೀರನ್ನು ಸೇದುತ್ತಾನೆ; ತಮ್ಮನಿಗೆ ೧೦ ನಿಮಿಷ ಬೇಕು. ಕೊಡದ ತೂಕವನ್ನೂ ರಾಟೆಯ ಘರ್ಷಣೆಯನ್ನೂ ಬಿಟ್ಟರೆ, ಇಬ್ಬರೂ ಮಾಡಿದ ಕೆಲಸ ಸುಮಾರು ೫,೮೮೦ ಜೌಲ್. ಅಣ್ಣನ ಸಾಮರ್ಥ್ಯವಾದರೋ ೧೯.೬ ವಾಟ್, ತಮ್ಮನದು ೯.೮ ವಾಟ್. ಕೆಲಸ ಸಮಾನ, ಅದನ್ನು ಮುಗಿಸಿದ ವೇಗದಲ್ಲಿ ಮಾತ್ರ ಅಂತರ.

ಉಗಿಯಂತ್ರವನ್ನು ಕುದುರೆಯ ದುಡಿಮೆಯೊಡನೆ ಹೋಲಿಸಿ ತೋರಿಸಿದ ಜೇಮ್ಸ್ ವಾಟನ ಹೆಸರೇ ಈ ಮಾನಕ್ಕೆ ನಿಂತಿದೆ. ಒಂದು ಅಶ್ವಶಕ್ತಿ ಎಂದರೆ ಸುಮಾರು ೭೪೬ ವಾಟ್. ಇಲ್ಲಿ ನಮ್ಮ ಭಾಷೆಯೂ ಜಾರಿದೆಯೆಂಬುದನ್ನು ಗಮನಿಸಿರಿ: ‘ಅಶ್ವಶಕ್ತಿ’ ಅಳೆಯುವುದು ಶಕ್ತಿಯನ್ನಲ್ಲ, ಸಾಮರ್ಥ್ಯವನ್ನು.

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದಿನಿಂದ ‘ಪವರ್’ ನಮ್ಮ ನಾಡಿನಲ್ಲಿ ವಿದ್ಯುತ್ತಿಗೇ ಹೆಸರಾಗಿ ಬೆಳೆದಿದೆ. ಆದರೆ ತಿಂಗಳ ಬಿಲ್ಲಿನಲ್ಲಿ ಬರೆದ ‘ಯೂನಿಟ್’ ಸಾಮರ್ಥ್ಯವಲ್ಲ. ಅದು ಬಳಸಿದ ಶಕ್ತಿಯ ಮೊತ್ತ. ೧೦೦ ವಾಟಿನ ದೀಪ ೧೦ ಗಂಟೆ ಉರಿದರೂ, ೧,೦೦೦ ವಾಟಿನ ಹೀಟರು ಒಂದೇ ಗಂಟೆ ಕಾದರೂ ಖರ್ಚು ಒಂದೇ ಯೂನಿಟ್, ಎಂದರೆ ೩೬ ಲಕ್ಷ ಜೌಲ್. ಇದನ್ನು ತಿಳಿದವನು ವಾಟುಗಳನ್ನಷ್ಟೇ ನೋಡದೆ ಗಂಟೆಗಳನ್ನೂ ಎಣಿಸುತ್ತಾನೆ.

ಕನ್ನಡಕದ ಮಾತೇ ಬೇರೆ. ಅಲ್ಲಿ ಕೆಲಸವೂ ಇಲ್ಲ, ವಾಟೂ ಇಲ್ಲ. ಬೆಳಕಿನ ಕಿರಣಗಳನ್ನು ಮಸೂರವು ಎಷ್ಟು ಬಾಗಿಸುವುದೆಂಬುದೇ ಅದರ ಪವರ್. ಮೀಟರುಗಳಲ್ಲಿ ಅಳೆದ ಸಂಗಮ ದೂರದಿಂದ ೧ನ್ನು ಭಾಗಿಸಿದರೆ ಅದು ಡಯಾಪ್ಟರುಗಳಲ್ಲಿ ದೊರೆಯುತ್ತದೆ. ಸಂಗಮ ದೂರ ಅರ್ಧ ಮೀಟರ್ ಆದರೆ ಪವರ್ ೨. ಸಮೀಪದೃಷ್ಟಿಯವರು ಧರಿಸುವ ನಿಮ್ನ ಮಸೂರಕ್ಕೆ ಋಣ ಚಿಹ್ನೆ. ಕನ್ನಡಕದ ಪವರ್ ಹೆಚ್ಚಿತೆಂದರೆ ಕಣ್ಣು ಬಲವಾಯಿತೆಂದಲ್ಲ. ಅದಕ್ಕೆ ಹೆಚ್ಚಿನ ನೆರವು ಬೇಕಾಯಿತೆಂದು ಅರ್ಥ.

ಗಣಿತದಲ್ಲಿ ಇದು ‘ಘಾತ’. ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿದಾಗ ಬರುವ ಫಲವಿದು. ಎರಡರ ಮೂರನೆಯ ಘಾತ ೨ × ೨ × ೨, ಎಂದರೆ ೮; ಎರಡನ್ನು ಮೂರರಿಂದ ಗುಣಿಸಿದ ೬ ಅಲ್ಲ. ಪ್ರಾಚೀನ ಗ್ರೀಕ್ ಗಣಿತಜ್ಞರು ವರ್ಗವನ್ನು ಸೂಚಿಸಲು ಶಕ್ತಿಯೆಂಬ ಅರ್ಥದ ಶಬ್ದವನ್ನೇ ಬಳಸುತ್ತಿದ್ದರು. ಅದರ ಅನುವಾದವೇ ಇಂದಿಗೂ ಉಳಿದುಬಂದಿದೆ.

ಆದುದರಿಂದ, ವಿದ್ಯಾರ್ಥಿಗಳೇ, ಈ ಶಬ್ದ ಎದುರಾದಾಗ ನಿಘಂಟಿನ ಮೊದಲ ಅರ್ಥವನ್ನೇ ಹಿಡಿದು ಹೊರಡಬೇಡಿರಿ. ಅದರ ಪಕ್ಕದಲ್ಲಿರುವ ಮಾನವನ್ನು ಮೊದಲು ನೋಡಿರಿ. ವಾಟ್ ಇದ್ದರೆ ಸಾಮರ್ಥ್ಯ, ಡಯಾಪ್ಟರ್ ಇದ್ದರೆ ಮಸೂರ; ಸಂಖ್ಯೆಯ ತಲೆಯ ಮೇಲೆ ಪುಟ್ಟ ಅಂಕೆಯೊಂದು ಕುಳಿತಿದ್ದರೆ ಘಾತ. ಶಬ್ದವು ಮೋಸಗೊಳಿಸಬಹುದು, ಮಾನವು ಮೋಸಗೊಳಿಸದು.